ಹನ್ನೊಂದು ವಾರ ಬರೀ ನೀರು ಕಲಕಿದ ಮಹಾಯಂತ್ರಕ್ಕೆ

ಮಾನ್ಯ ಮಹಾಕಂಪ್ಯೂಟರ್ ಅವರಿಗೆ,
ವಿಶ್ವವಿದ್ಯಾಲಯದ ನೆಲಮಾಳಿಗೆ, ನಗರ.

ಸ್ಕಾರ್ವನೆಸ್ ದ್ವೀಪದಿಂದ, ನವೆಂಬರ್ ತಿಂಗಳ ಎರಡನೆಯ ಮಂಗಳವಾರ

ವಿಷಯ: ಬಣ್ಣದ ಅಣುಗಳು ನೀರಿನಲ್ಲಿ ಗುಂಪುಗೂಡುತ್ತವೆಂದು ತಾವು ಕೊಟ್ಟ ತೀರ್ಪಿನಿಂದ ನಮ್ಮ ಚರ್ಚಿನ ನೇರಳೆ ಬಟ್ಟೆಗೆ ಒದಗಿರುವ ಸಂಕಟ.

ಮಾನ್ಯರೇ,

ದೇವರ ದಯೆಯಿಂದ ಇಲ್ಲಿ ನಾವೂ ನಮ್ಮ ಕುರಿಗಳೂ ಕ್ಷೇಮ. ತಾವೂ ನೆಲಮಾಳಿಗೆಯ ತಂಪಿನಲ್ಲಿ, ಹಗಲೂ ರಾತ್ರಿ ಬೀಸುವ ಫ್ಯಾನುಗಳ ಸೇವೆ ಪಡೆಯುತ್ತ, ಯಾರೂ ಒಳಗೆ ಬಂದು ಕಾಲೊರೆಸದೆ ತಮ್ಮ ನೆಲ ಕೊಳೆ ಮಾಡದಂತೆ ಸುಖವಾಗಿದ್ದೀರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಪರಿಚಯ ತಮಗಿಲ್ಲ. ಹೆಸರು ಓಡ್ನಿ, ವಯಸ್ಸು ಐವತ್ತು, ಊರ ಶಾಲೆಯಲ್ಲಿ ಒಂಬತ್ತು ವರ್ಷ ಓದಿ ನೇರವಾಗಿ ಮೀನು ಹಸನು ಮಾಡುವ ಶೆಡ್ಡಿಗೆ ಹೋದವಳು, ಹದಿನೆಂಟು ವರ್ಷದಿಂದ ನಮ್ಮ ಸಭೆಯ ಬಣ್ಣದ ಹಂಡೆಯ ಜವಾಬ್ದಾರಿ ಹೊತ್ತವಳು. ದೊಡ್ಡವರಿಗೆ ಕಾಗದ ಬರೆದು ಅಭ್ಯಾಸವಿಲ್ಲ. ಒಮ್ಮೆ ಬಿಷಪ್ಪರಿಗೆ ಬರೆದಿದ್ದೆ, ಅವರು ಮೂರು ದಿನದಲ್ಲಿ ಉತ್ತರಿಸಿದರು. ತಾವು ಒಂದು ಪ್ರಶ್ನೆಗೆ ಹನ್ನೊಂದು ವಾರ ತೆಗೆದುಕೊಂಡಿರಾದ್ದರಿಂದ ತಮ್ಮ ಪದವಿ ಬಿಷಪ್ಪರಿಗಿಂತ ಬಹಳ ಮೇಲಿನದೆಂದು ಊಹಿಸಿ, ಅದಕ್ಕೆ ತಕ್ಕ ಗೌರವದಿಂದಲೇ ಬರೆಯುತ್ತೇನೆ.

ಮೊದಲು ಬಟ್ಟೆಯ ವಿಷಯ. ಕ್ರಿಸ್‌ಮಸ್ಸಿಗೆ ಮುಂಚೆ ಕರ್ತನ ಆಗಮನ ಕಾಯುವ ನಾಲ್ಕು ವಾರ, ಮತ್ತೆ ಈಸ್ಟರಿನ ಮುಂಚಿನ ಉಪವಾಸಕಾಲ, ಈ ಎರಡು ಹೊತ್ತಿನಲ್ಲಿ ನಮ್ಮ ಬಲಿಪೀಠಕ್ಕೆ ನೇರಳೆ ಬಟ್ಟೆ ಹೊದಿಸುತ್ತೇವೆ. ಮನೆಗೊಂದು ಕುರಿಯ ಉಣ್ಣೆ ಕೂಡಿಸಿ ನಮ್ಮ ಅಜ್ಜಿಯರ ಅಜ್ಜಿಯರು ನೇಯ್ದದ್ದು ಅದು. ಹತ್ತು ವರ್ಷಕ್ಕೊಮ್ಮೆ ಬಣ್ಣ ಮಂಕಾದಾಗ, ಕಡಲಬಂಡೆಯ ಕಲ್ಲುಹೂವು ಕೆರೆದು ತಂದು, ಪೀಪಾಯಿಯಲ್ಲಿ ಮೂರು ವಾರ ಹುದುಗು ಹಾಕಿ, ತಾಮ್ರದ ಹಂಡೆಯಲ್ಲಿ ಬಿಸಿ ಮಾಡಿ ಮತ್ತೆ ಅದ್ದುತ್ತೇವೆ. ನನ್ನ ಅತ್ತೆ ಗುರೀನೆ ಈ ಕೆಲಸವನ್ನು ನನ್ನ ಕೈಗೆ ಒಪ್ಪಿಸುವಾಗ, ಗಂಡ ಐನಾರನನ್ನು ಒಪ್ಪಿಸಿದಾಗಲೂ ಹೇಳದಷ್ಟು ಬುದ್ಧಿ ಹೇಳಿದ್ದರು. "ಐನಾರ್ ತಪ್ಪಿದ್ರೆ ತಿದ್ಕೋಬಹುದು ಕಣೇ, ಬಣ್ಣ ತಪ್ಪಿದ್ರೆ ಊರೆಲ್ಲಾ ನೋಡುತ್ತೆ" ಎಂದಿದ್ದರು.

ಮಾನ್ಯರೇ, ಈ ವರ್ಷದ ಮೊದಲಲ್ಲಿ ಬಣ್ಣ ತಪ್ಪಿತು, ಊರೆಲ್ಲಾ ನೋಡಿತು.

ಬಣ್ಣ ಉಣ್ಣೆಗೆ ಸಮನಾಗಿ ಹಿಡಿಯದೆ ಗಂಟುಗಂಟಾಗಿ ಕೂತು, ಬಟ್ಟೆಯ ತುಂಬ ಕಂದು ಮಚ್ಚೆಗಳೆದ್ದವು. ಉಪವಾಸಕಾಲದ ಆರು ವಾರವೂ ಸಭೆಯವರು ಪ್ರಸಂಗ ಕೇಳುವುದು ಬಿಟ್ಟು ಮಚ್ಚೆ ಓದುತ್ತ ಕೂತರು. ಎಡಗಡೆಯದು ಬೂಟಿನಂತಿತ್ತು, ನಡುವಿನದು ಬಾಯಿ ತೆರೆದ ಕಾಡ್ ಮೀನಿನಂತಿತ್ತು, ಕೆಳಗಿನ ಅಂಚಿನದು ಹಳೆಯ ಬಿಷಪ್ಪರನ್ನೇ ಹೋಲುತ್ತದೆಂದು ಮುಂದಿನ ಬೆಂಚಿನವರು ಆಣೆ ಮಾಡಿ ಹೇಳಿದರು. ನಮ್ಮ ಸಭಾಮಂಡಳಿಯ ಅಧ್ಯಕ್ಷ ಟೊರ್ಮೊಡ್, ನನಗಿಂತ ಮೂರು ವರ್ಷ ಚಿಕ್ಕವನು, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು, "ಓಡ್ನಕ್ಕಾ, ದೇವರ ಮೇಜಿಗೆ ದಡಾರ ಎದ್ದಿದೆಯಲ್ಲ, ಡಾಕ್ಟರಿಗೆ ತೋರಿಸೋದಾ?" ಎಂದ. ಅವನ ಬಳಿ ಆಗಲೇ ಒಂದು ಕ್ಯಾಟಲಾಗ್ ಇತ್ತು. ಅದರ ನಲವತ್ತೊಂದನೆಯ ಪುಟದಲ್ಲಿ ಇಸ್ತ್ರಿ ಬೇಡದ, ಬಣ್ಣ ಬಿಡದ, ಬೆಂಕಿ ಹಿಡಿಯದ ಪಾಲಿಯೆಸ್ಟರಿನ ಬಲಿಪೀಠದ ಬಟ್ಟೆ ಇದೆ. ಅದು ಬಂದರೆ ನಮ್ಮ ಬಟ್ಟೆ ಬೀರುವಿಗೆ, ನನ್ನ ಹಂಡೆ ಸಭಾಭವನದ ಬಾಗಿಲ ಬಳಿ ಹೂವಿನ ಕುಂಡವಾಗಿ. ಹಂಡೆಯಲ್ಲಿ ಯಾವ ಹೂ ನೆಡಬೇಕೆಂದು ಅವನು ಹೆಂಡತಿಯನ್ನು ಕೇಳಿದ್ದೂ ನನ್ನ ಕಿವಿಗೆ ಬಿದ್ದಿದೆ.

ಆಗ ತಮ್ಮ ಹೆಸರು ಬಂತು. ನನ್ನ ಅಕ್ಕನ ಮಗಳು ವಿಲ್ದೆ ತಮ್ಮ ಸೇವೆಯಲ್ಲಿದ್ದಾಳೆ, ತಾವು ಬಲ್ಲಿರಿ. ಜೂನ್‌ನಲ್ಲಿ ಊರಿಗೆ ಬಂದವಳು ಮಚ್ಚೆ ನೋಡಿ, "ಚಿಕ್ಕಮ್ಮಾ, ಊಹೆ ಮಾಡ್ಕೊಂಡು ಯಾಕೆ ಕೂರ್ತೀರಿ? ಗಿಡದ ಬಣ್ಣ, ಹೂವಿನ ಬಣ್ಣದ ಅಣುಗಳು ನೀರಲ್ಲಿ ಹೇಗೆ ಒಂದಕ್ಕೊಂದು ಅಂಟ್ಕೊಳ್ತವೆ ಅನ್ನೋದೇ ನನ್ನ ಕೆಲಸ. ನಿಮ್ಮ ಕಲ್ಲುಹೂವನ್ನೂ ಯಂತ್ರಕ್ಕೆ ಹಾಕಿ ನೋಡೋಣ" ಎಂದಳು. ಯಂತ್ರಕ್ಕೆ ಕಲ್ಲುಹೂವು ಹಾಕಿದರೆ ಯಂತ್ರ ಕೆಡುವುದಿಲ್ಲವೇ ಎಂದು ನಾನು ಕೇಳಿದೆ. ನಿಜವಾದದ್ದು ಹಾಕುವುದಿಲ್ಲ, ಲೆಕ್ಕದ ಕಲ್ಲುಹೂವನ್ನು ಲೆಕ್ಕದ ನೀರಿನಲ್ಲಿ ಬಿಟ್ಟು ನೋಡುತ್ತಾರೆ ಎಂದಳು. ಲೆಕ್ಕದ ಉಣ್ಣೆಯೂ ಇದ್ದಿದ್ದರೆ ನಾನು ಮನೆಯಲ್ಲೇ ಇರಬಹುದಿತ್ತು.

ಹಾಗೆ ಸಭಾಭವನದಲ್ಲಿ ಕಾಫಿಯ ಹೊತ್ತಿಗೆ ಅವಳು ನೋಟ್‌ಬುಕ್ ತೆರೆದು ನನ್ನಿಂದ ಕ್ರಮ ಬರೆದುಕೊಂಡಳು. ಎಡಕ್ಕೆ ಪಾದ್ರಿಗಳು ವಾಫಲ್ ತಿನ್ನುತ್ತಿದ್ದರು, ಎದುರಿಗೆ ಟೊರ್ಮೊಡ್ ತಿನ್ನುತ್ತಿದ್ದ. ಕಲ್ಲುಹೂವು ಎಷ್ಟು, ಬಿಸಿ ಎಷ್ಟು, ದಿನಕ್ಕೆಷ್ಟು ಸಲ ಕಲಕುವುದು, ಎಲ್ಲ ಹೇಳಿದೆ.

"ಯಾವುದರಲ್ಲಿ ನೆನೆಹಾಕ್ತೀರಿ ಚಿಕ್ಕಮ್ಮಾ?"

"ನೀರಲ್ಲಿ."

"ಬರೀ ನೀರಾ?"

"ನೀರಂದ್ರೆ ನೀರು ಕಣೇ, ಬರ್ಕೋ!"

ಅವಳು ಬರೆದುಕೊಂಡಳು. ಅವಳು ಬರೆದದ್ದನ್ನು ತಾವು ನಂಬಿದಿರಿ. ಈ ನೀರಿನ ಮಾತಿಗೆ ಮತ್ತೆ ಬರುತ್ತೇನೆ, ಬರಲೇಬೇಕಾಗಿದೆ. ಅದಕ್ಕೂ ಮುಂಚೆ ತಮ್ಮ ಗುಣಗಾನ ಮಾಡದಿದ್ದರೆ ಸಭ್ಯತೆಯಲ್ಲ.

ಹನ್ನೊಂದು ವಾರದ ತಮ್ಮ ತಪಸ್ಸಿನ ಫಲವನ್ನು ಸೆಪ್ಟೆಂಬರಿನಲ್ಲಿ ವಿಲ್ದೆ ಪರದೆಯ ಮೇಲೆ ತೋರಿಸಿದಳು. ಒಂದು ಪುಟ್ಟ ಪೆಟ್ಟಿಗೆ, ಸೊಳ್ಳೆಯ ಕಣ್ಣಿನಲ್ಲಿ ಇಂಥವು ಕೋಟಿಗಟ್ಟಲೆ ಹಿಡಿಸುತ್ತವಂತೆ. ಅದರಲ್ಲಿ ನಲವತ್ತೆಂಟು ಬಣ್ಣದ ಅಣುಗಳು, ಸುತ್ತ ಇಪ್ಪತ್ತು ಸಾವಿರ ನೀರಿನ ಅಣುಗಳು, ಎಲ್ಲವೂ ಚಳಿ ಹಿಡಿದವರ ಹಾಗೆ ನಡುಗುತ್ತಿವೆ. ಬಣ್ಣದ ಅಣುಗಳು ಚಪ್ಪಟೆ ಬಿಲ್ಲೆಗಳಂತಿವೆ. ಮೊದಲು ಅಪರಿಚಿತರಂತೆ ದೂರದೂರ ತೇಲುತ್ತವೆ. ಆಮೇಲೆ ನೀರಿನ ಸಹವಾಸ ಬೇಡವೆಂಬಂತೆ ಅದಕ್ಕೆ ಅಂಚು ತೋರಿಸಿ, ಒಂದರ ಮೇಲೊಂದು ಬಿದ್ದು, ತಟ್ಟೆ ತೊಳೆದು ಪೇರಿಸಿಟ್ಟ ಹಾಗೆ ಸಾಲಾಗಿ ಅಂಟಿಕೊಂಡುಬಿಡುತ್ತವೆ. ಬೇರೆ ಊರಿನವರು ಬಂದಾಗ ನಮ್ಮ ಸಭೆಯ ಹೆಂಗಸರು ಕಾಫಿಮೇಜಿನ ಒಂದೇ ತುದಿಗೆ ಸೇರಿಕೊಳ್ಳುವುದನ್ನು ನೋಡಿದವಳಾದ್ದರಿಂದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆದರೆ ಅದನ್ನು ಇಷ್ಟು ವಿದ್ಯುತ್ ಸುಟ್ಟು ಸಾಬೀತು ಮಾಡಿದ ತಮ್ಮ ಶ್ರದ್ಧೆಯನ್ನು ಮೆಚ್ಚಿದೆ.

ಅದಕ್ಕಿಂತಲೂ ಮೆಚ್ಚಿದ್ದು ತಮ್ಮ ಪೆಟ್ಟಿಗೆಯ ಗೋಡೆಗಳನ್ನು. ಬಲಗೋಡೆ ದಾಟಿ ಹೊರಗೆ ಹೋದ ಅಣು ಅದೇ ಗಳಿಗೆ ಎಡಗೋಡೆಯಿಂದ ಒಳಗೆ ಬರುತ್ತದೆ! ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ! ಇಂಥ ಗೋಡೆ ಒಂದು ಜೊತೆ ನಮ್ಮ ಚರ್ಚಿಗೆ ಕಳಿಸಿಕೊಡಲು ಸಾಧ್ಯವೇ? ಪ್ರಸಂಗ ಅರ್ಧಕ್ಕೆ ಬಂದಾಗ ದೋಣಿ ನೋಡಿಬರುತ್ತೇನೆಂದು ಹಿಂದಿನ ಬಾಗಿಲಿಂದ ಜಾರುವ ನನ್ನ ಗಂಡ ಐನಾರ್, ಟೋಪಿ ಸಮೇತ, ಬಲಿಪೀಠದ ಪಕ್ಕದಿಂದ ಪ್ರತ್ಯಕ್ಷನಾಗುವುದನ್ನು ಸಾಯುವ ಮುನ್ನ ಒಮ್ಮೆ ನೋಡಬೇಕು. ಹಾಗೆಯೇ ತಮ್ಮ ಪೆಟ್ಟಿಗೆಯಲ್ಲಿ ಬಿಸಿ ಕೂದಲೆಳೆಯಷ್ಟೂ ಏರದಂತೆ ಇಳಿಯದಂತೆ ಕಾಯುವ ವಿದ್ಯೆಯೊಂದಿದೆಯಂತೆ. ಅದನ್ನು ನನ್ನ ಸೌದೆ ಒಲೆಗೆ ಕಲಿಸಲು ಯಾರನ್ನಾದರೂ ಕಳಿಸಿ, ಊಟ ನಮ್ಮ ಮನೆಯಲ್ಲೇ ಆಗಲಿ.

ಇಷ್ಟೆಲ್ಲ ನೋಡಿ, ಪೆಟ್ಟಿಗೆಯೊಳಗೆ ಎಷ್ಟು ಹೊತ್ತು ಕಳೆದಿದೆ ಎಂದು ವಿಲ್ದೆಯನ್ನು ಕೇಳಿದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲು ಎಂದಳು. ಹನ್ನೊಂದು ವಾರಕ್ಕೆ ಅಷ್ಟು! ನಾನು ಮೂರು ವಾರ ಹುದುಗು ಹಾಕುವುದನ್ನು ತಾವು ಪೂರ್ತಿ ಲೆಕ್ಕ ಹಾಕಲು ಎಷ್ಟು ದಿನ ಬೇಕೆಂದು ಅವಳೇ ಗುಣಿಸಿ, ಮೂವತ್ತೆಂಟು ಸಾವಿರ ಕೋಟಿ ವರ್ಷ ಎಂದಳು. ತಮ್ಮ ತಾಳ್ಮೆಗೆ ಕೈಮುಗಿಯುತ್ತೇನೆ. ಆದರೆ ಮಾನ್ಯರೇ, ಅಷ್ಟರೊಳಗೆ ಕರ್ತನು ಮಹಿಮೆಯಿಂದ ಬಂದು, ಸತ್ತವರನ್ನೂ ಬದುಕಿರುವವರನ್ನೂ ತೀರ್ಪು ಮಾಡಿ ಮುಗಿಸಿರುತ್ತಾನೆ. ಅವನು ಬರುವ ದಿನ ಹೊದಿಸಬೇಕಾದ ಬಟ್ಟೆ ಮಾತ್ರ ತಮ್ಮ ಹಂಡೆಯಲ್ಲಿ ನೆನೆಯುತ್ತಿರುತ್ತದೆ.

ಈಗ ದೂರು. ತಾವು ಬರೆದುಕೊಟ್ಟ ವರದಿಯ ಕೊನೆಯ ಸಾಲನ್ನು ಟೊರ್ಮೊಡ್ ಸೆಪ್ಟೆಂಬರಿನ ಮಂಡಳಿ ಸಭೆಯಲ್ಲಿ ಎದ್ದುನಿಂತು, ಪ್ರವಾದಿಯ ಗ್ರಂಥ ಓದುವ ದನಿಯಲ್ಲಿ ಓದಿದ: "ಶುದ್ಧ ನೀರಿನಲ್ಲಿ ಈ ಬಣ್ಣದ ಅಣುಗಳು ಗುಂಪುಗೂಡುವುದು ಅನಿವಾರ್ಯ." ಆಮೇಲೆ ಕನ್ನಡಕ ತೆಗೆದು, "ಕೇಳಿದ್ರಲ್ಲಾ? ನಾನಲ್ಲ, ಯಂತ್ರ ಹೇಳ್ತಿರೋದು! ಅನಿವಾರ್ಯ ಅಂತೆ! ಓಡ್ನಕ್ಕಾ, ನನ್ನ ಜೊತೆ ವಾದ ಮಾಡಿದ್ದಾಯ್ತು, ಇನ್ನು ಯಂತ್ರದ ಜೊತೆನೂ ಮಾಡ್ತೀಯಾ?" ಎಂದ. ಪಾದ್ರಿಗಳು ಮೆಲ್ಲಗೆ, "ಆಗಮನದ ಮೊದಲ ಭಾನುವಾರದವರೆಗೆ ಒಂದು ಅವಕಾಶ ಕೊಡೋಣಪ್ಪ" ಎಂದದ್ದರಿಂದ ಉಳಿದುಕೊಂಡೆ. ಆ ಭಾನುವಾರ ಬಟ್ಟೆಯಲ್ಲಿ ಒಂದು ಮಚ್ಚೆ ಕಂಡರೂ ಸೋಮವಾರದ ದೋಣಿಗೆ ಪಾಲಿಯೆಸ್ಟರಿನ ಆರ್ಡರ್ ಹೋಗುತ್ತದೆ. ತಮ್ಮ ಒಂದು ಸಾಲಿನಿಂದ ಇನ್ನೂರು ವರ್ಷದ ಬಟ್ಟೆ ಬೀರುವಿನ ಬಾಗಿಲಿಗೆ ಬಂದು ನಿಂತಿದೆ.

ಯಂತ್ರದ ಜೊತೆ ವಾದ ಮಾಡಬೇಕೆಂದೇ ಮನೆಗೆ ಬಂದು ಕಾಗದ ಪೆನ್ನು ತೆಗೆದೆ. ಬರೆಯಲು ಕೂತಾಗ, ದೇವರು ಸಾಕ್ಷಿ, ಆ ಸಾಲಿನ ಮೊದಲ ಎರಡು ಮಾತು ಗಂಟಲಲ್ಲಿ ಮೀನುಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಶುದ್ಧ ನೀರಿನಲ್ಲಿ.

ತಾವು ಯಂತ್ರ. ತಮ್ಮ ಮುಂದೆ ನಾಚಿಕೆಯಿಲ್ಲ, ಹೇಳಿಬಿಡುತ್ತೇನೆ. ನಾವು ಕಲ್ಲುಹೂವನ್ನು ನೀರಿನಲ್ಲಿ ನೆನೆಹಾಕುವುದಿಲ್ಲ. ಮೂತ್ರದಲ್ಲಿ ನೆನೆಹಾಕುತ್ತೇವೆ. ಕುರಿಯದಲ್ಲ, ದನದ್ದಲ್ಲ, ಮನುಷ್ಯರದ್ದು. ಹಳತಾಗಿ, ಕಣ್ಣಲ್ಲಿ ನೀರು ಬರುವಷ್ಟು ಘಾಟು ಬಂದ ಮೇಲೆ. ನನ್ನ ಅತ್ತೆ ಹಾಗೇ ಮಾಡುತ್ತಿದ್ದರು, ಅವರ ಅತ್ತೆಯೂ ಹಾಗೇ. ಹಳೆಯ ಸಭಾಭವನದ ಹಿಂದೆ ಸೌದೆ ಕೊಟ್ಟಿಗೆಯಲ್ಲಿ ಒಂದು ಪೀಪಾಯಿ ಇಟ್ಟಿರುತ್ತಿದ್ದರು. ಗಂಡಸರು ಅದು ತಮ್ಮ ಅನುಕೂಲಕ್ಕೆ ಇಟ್ಟದ್ದೆಂದು ತಿಳಿದಿದ್ದರು. ಯಾಕೆ ಇಟ್ಟಿದ್ದೀರೆಂದು ಇನ್ನೂರು ವರ್ಷದಲ್ಲಿ ಒಬ್ಬ ಗಂಡಸೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇಂಥದ್ದರಲ್ಲಿ ಅದ್ದಿದ ಬಟ್ಟೆ ದೇವರ ಮೇಜಿಗೆ ಆದೀತೇ ಎಂದು ಯಾರಾದರೂ ಹುಬ್ಬೇರಿಸಿದರೆ ನನ್ನ ಉತ್ತರ ಇಷ್ಟೇ: ಒಂಬತ್ತು ಸಲ ಹಳ್ಳದಲ್ಲಿ ಜಾಲಿಸಿಯೇ ಹೊದಿಸುತ್ತೇವೆ, ಮತ್ತು ಆ ವಸ್ತು ದೇವರೇ ಮಾಡಿದ ದೇಹದಿಂದ ಬಂದದ್ದು. ಪಾಲಿಯೆಸ್ಟರ್ ಎಲ್ಲಿಂದ ಬಂತೆಂದು ಟೊರ್ಮೊಡ್ ಹೇಳಲಿ.

ಇದನ್ನು ಪಾದ್ರಿಗಳು ವಾಫಲ್ ತಿನ್ನುವಾಗ ಹೇಗೆ ಹೇಳಲಿ? ಅದಕ್ಕೇ ನೀರು ಎಂದೆ. ಅಷ್ಟೇ ಆಗಿದ್ದರೆ ತಾವು ವ್ಯರ್ಥವಾಗಿ ದುಡಿದಿರಿ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೂರು ವರ್ಷದ ಹಿಂದೆ ಟೊರ್ಮೊಡ್ ಹೊಸ ಸಭಾಭವನ ಕಟ್ಟಿಸಿ, ಬಿಳಿ ಟೈಲ್ಸಿನ, ಗುಂಡಿ ಒತ್ತಿದರೆ ನೀರು ನುಗ್ಗುವ ಕಕ್ಕಸು ಹಾಕಿಸಿದ. ಗಂಡಸರೆಲ್ಲ ಅಲ್ಲಿಗೆ ಹೋದರು. ಪೀಪಾಯಿ ಬಡವಾಯಿತು. ಕಳೆದ ಚಳಿಗಾಲ ಹುದುಗು ಹಾಕುವಾಗ ಅದು ಅರ್ಧವೂ ತುಂಬಿರಲಿಲ್ಲ, ನಾನು ಯಾರನ್ನೂ ಬೇಡಲಾರದೆ ಉಳಿದರ್ಧಕ್ಕೆ ಬಾವಿಯ ನೀರು ಸುರಿದೆ. ಏನಾಗುತ್ತೆ, ನೀರು ತಾನೇ, ಎಂದುಕೊಂಡೆ.

ಏನಾಗುತ್ತದೆಂದು ತಾವು ಹನ್ನೊಂದು ವಾರ ಕೂತು ತೋರಿಸಿದಿರಿ. ನನ್ನ ಸುಳ್ಳನ್ನು ನಂಬಿ ನನ್ನ ತಪ್ಪನ್ನು ಹಿಡಿದುಕೊಟ್ಟಿರಿ. ಪಾಪನಿವೇದನೆಗೆ ಹೋದಾಗ ಪಾದ್ರಿಗಳಿಗೂ ಇಷ್ಟು ಚೆನ್ನಾಗಿ ಹಿಡಿಯಲು ಆಗಿದ್ದಿಲ್ಲ. ಫೋನ್ ಮಾಡಿ ವಿಲ್ದೆಗೆ ನಿಜ ಹೇಳಿದಾಗ ಅವಳು ಕಿರುಚಿದಳು. "ಚಿಕ್ಕಮ್ಮಾ! ಹನ್ನೊಂದು ವಾರ! ಮೊದಲೇ ಹೇಳೋಕೆ ಏನಾಗಿತ್ತು?" ಆಮೇಲೆ ನಕ್ಕಳು, ನಕ್ಕು ನಕ್ಕು ಬಿಕ್ಕಳಿಕೆ ಬಂದು ಫೋನ್ ಇಟ್ಟು, ಮತ್ತೆ ತಾನೇ ಮಾಡಿದಳು. ಹಳೆಯ ಮೂತ್ರದ ಕ್ಷಾರಕ್ಕೆ ಬಣ್ಣದ ಪ್ರತಿ ಅಣುವಿಗೂ ಒಂದೇ ಬಗೆಯ ವಿದ್ಯುತ್ತು ಹತ್ತುತ್ತದಂತೆ. ಆಗ ಅವು ಒಂದನ್ನೊಂದು ದೂರ ತಳ್ಳುತ್ತವೆ, ಪೇರಿಕೊಳ್ಳುವುದಿಲ್ಲ, ಗಂಟಾಗುವುದಿಲ್ಲ, ಬಿಡಿಬಿಡಿಯಾಗಿ ಉಣ್ಣೆಗೆ ಹೋಗಿ ಕೂರುತ್ತವೆ. ಅಂದರೆ ಆ ಘಾಟಿಗೆ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ ಎಂದಾಯಿತು, ಅದು ಹಂಡೆಯ ಪಕ್ಕ ನಿಂತ ಯಾರಿಗೂ ಗೊತ್ತು.

ಕಾರಣ ಗೊತ್ತಾಯಿತು, ಪೀಪಾಯಿ ತುಂಬಬೇಕಲ್ಲ! ನಾನೂ ಐನಾರನೂ ಇಬ್ಬರೇ ಎಷ್ಟೆಂದು ಶ್ರಮಿಸುವುದು? ನಮ್ಮ ದ್ವೀಪದಲ್ಲಿ ಚರ್ಚಿನ ಮಾಡು ಹೊದಿಸುವುದಿರಲಿ, ದೋಣಿಗಟ್ಟೆ ಕಟ್ಟುವುದಿರಲಿ, ಊರೊಟ್ಟಿನ ಕೆಲಸವೆಂದರೆ ಪ್ರತಿಯೊಬ್ಬನೂ ಕೈಲಾದದ್ದು ಕೊಡಬೇಕು, ಕೊಟ್ಟದ್ದನ್ನು ಹೇಳಿಕೊಳ್ಳಬಾರದು. ಇದೂ ಊರೊಟ್ಟಿನ ಕೆಲಸವೇ. ಅಕ್ಟೋಬರಿನ ಮೊದಲ ಭಾನುವಾರ ಸುಗ್ಗಿಯ ಕೃತಜ್ಞತಾ ಸಭೆ, ಅರವತ್ತು ಜನ, ಕಾಫಿ ಕಾಸುವ ಸರದಿ ನನ್ನದು. ಹನ್ನೆರಡು ಫ್ಲಾಸ್ಕ್ ಕಾಸಿದೆ. ಹೊಸ ಕಕ್ಕಸಿಗೆ "ಕೆಟ್ಟಿದೆ" ಎಂದು ಬೋರ್ಡು ಹಾಕಬೇಕಿತ್ತು, ಆದರೆ ಸುಳ್ಳುಸಾಕ್ಷಿ ಹೇಳಬಾರದೆಂದು ಆಜ್ಞೆಯಿದೆ, ಒಮ್ಮೆ ನೀರು ಎಂದು ಹೇಳಿ ಅನುಭವಿಸಿದ್ದೂ ಆಗಿದೆ. ಆದ್ದರಿಂದ ಮೊದಲು ಐನಾರನ ಸ್ಕ್ರೂಡ್ರೈವರ್ ತಂದು ಬಾಗಿಲ ಹಿಡಿ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡೆ, ಬಾಗಿಲು ನಿಜವಾಗಿ ಕೆಟ್ಟ ಮೇಲೆಯೇ ಬೋರ್ಡು ಬರೆದೆ. ಕೆಳಗೆ "ಗಂಡಸರು ಸೌದೆ ಕೊಟ್ಟಿಗೆಗೆ, ಹೆಂಗಸರು ಓಡ್ನಿಯ ಮನೆಗೆ" ಎಂದು ದಾರಿ ತೋರಿಸಿದೆ. ಎರಡೂ ಕಡೆ ವ್ಯವಸ್ಥೆಯಿತ್ತು.

ಟೊರ್ಮೊಡ್ ಮೂರು ಸಲ ಹೋದ. ಮೂರನೆಯ ಸಲ ಮಳೆಯಲ್ಲಿ ನೆನೆದು ಬಂದವನು, "ಓಡ್ನಕ್ಕಾ, ಮೂರು ವರ್ಷಕ್ಕೇ ಕೆಟ್ಟೋಯ್ತಾ ಆ ಬಾಗಿಲು? ಆ ಕಂಟ್ರಾಕ್ಟರನ್ನ ಬಿಡಲ್ಲ ನಾನು!" ಎಂದು ಕೂಗಾಡಿದ. "ಬಿಡಬೇಡಪ್ಪಾ. ಮೊದಲು ಇನ್ನೊಂದು ಕಪ್ ಕಾಫಿ ಕುಡಿ, ಮೈ ಬೆಚ್ಚಗಾಗುತ್ತೆ" ಎಂದು ಬಗ್ಗಿಸಿಕೊಟ್ಟೆ. ಪಾದ್ರಿಗಳು ಎರಡು ಸಲ ಹೋದರು. ದೇವರು ಅವರಿಗೆ ಒಳ್ಳೆಯದು ಮಾಡಲಿ.

ಈಗ ಪೀಪಾಯಿಯ ಪಕ್ಕದಲ್ಲೇ ಮೂಗಿಗೆ ಶಾಲು ಕಟ್ಟಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಕಲ್ಲುಹೂವು ಹಾಕಿ ಎರಡು ವಾರವಾಯಿತು, ಬಣ್ಣ ಕಪ್ಪುದ್ರಾಕ್ಷಿಯ ಹಾಗೆ ತಿರುಗುತ್ತಿದೆ. ಮುಂದಿನ ವಾರ ಅದ್ದಬೇಕು. ಒಂದು ಮಚ್ಚೆ ಬಿದ್ದರೂ ಮುಗಿಯಿತು. ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ವಿಲ್ದೆ ಈಗ ಸರಿಯಾದ ಪದಾರ್ಥ ಹಾಕಿ ಎರಡನೆಯ ಲೆಕ್ಕ ಕೊಟ್ಟಿದ್ದಾಳೆ, ದಯವಿಟ್ಟು ಅದನ್ನು ಶನಿವಾರದೊಳಗೆ ಮುಗಿಸಿಕೊಡಿ. ಆಗದಿದ್ದರೆ ಆಗಮನವನ್ನೇ ಮುಂದೂಡುವಂತೆ ಮೇಲಿನವನಿಗೆ ತಾವೇ ಒಂದು ಮಾತು ಹೇಳಿ, ದೊಡ್ಡವರು ದೊಡ್ಡವರಿಗೆ ಹೇಳಿದರೆ ಚೆಂದ. ಎರಡನೆಯದಾಗಿ, ಇನ್ನು ಮುಂದೆ ಯಾವ ಹೆಂಗಸಾದರೂ "ನೀರು" ಎಂದರೆ ಹನ್ನೊಂದು ವಾರ ಓಡುವ ಮುನ್ನ "ಯಾವ ನೀರಮ್ಮಾ?" ಎಂದು ಒಂದೇ ಒಂದು ಸಲ ಕೇಳಿ. ಮತ್ತೊಂದು ಮಾತು. ತಾವು ಮೈ ತಂಪಾಗಿಟ್ಟುಕೊಳ್ಳಲು ದಿನವಿಡೀ ಕಡಲಿನ ತಣ್ಣೀರು ಕುಡಿದು ಅದನ್ನೇ ಬೆಚ್ಚಗೆ ಮಾಡಿ ಹೊರಗೆ ಬಿಡುತ್ತೀರೆಂದು ವಿಲ್ದೆ ಹೇಳಿದಳು. ಹಾಗಿದ್ದರೆ ತಾವೂ ನಮ್ಮವರೇ ಆದಿರಿ. ಹತ್ತು ವರ್ಷದ ನಂತರ, ಮತ್ತೆ ಬಣ್ಣ ಅದ್ದುವ ವರ್ಷದ ಸುಗ್ಗಿ ಸಭೆಗೆ ಬನ್ನಿ, ಸೌದೆ ಕೊಟ್ಟಿಗೆ ಎಡಗಡೆಗಿದೆ.

ದೇವರು ತಮ್ಮ ಫ್ಯಾನುಗಳನ್ನು ಕಾಪಾಡಲಿ.

ತಮ್ಮ ವಿಶ್ವಾಸಿ, ಮತ್ತು ಇನ್ನು ಮುಂದೆ ನಿಜವನ್ನೇ ಹೇಳುವ,
ಓಡ್ನಿ
ಬಣ್ಣದ ಹಂಡೆಯವಳು, ಸ್ಕಾರ್ವನೆಸ್

ಮರೆತ ಮಾತು: ಈ ಕಾಗದ ಆಗಮನದ ಭಾನುವಾರ ಕಳೆಯುವವರೆಗೆ ನನ್ನ ಕೀರ್ತನೆ ಪುಸ್ತಕದಲ್ಲೇ ಇತ್ತು. ಬಟ್ಟೆ ಹೊದಿಸಿದೆವು. ಬೂಟಿಲ್ಲ, ಮೀನಿಲ್ಲ, ಬಿಷಪ್ಪರಿಲ್ಲ, ಅಂಚಿನಿಂದ ಅಂಚಿಗೆ ಒಂದೇ ನೇರಳೆ. ಟೊರ್ಮೊಡ್ ಹತ್ತಿರ ಬಂದು, ಮಚ್ಚೆ ಹುಡುಕಿ ಸಿಗದೆ, ಅಂಗೈಯಿಂದ ಸವರಿ, "ಇದಪ್ಪಾ ಬಣ್ಣ ಅಂದ್ರೆ! ಕ್ಯಾಟಲಾಗಿನಲ್ಲಿ ಎಲ್ಲಿ ಸಿಗುತ್ತೆ ಇದು? ಇದರಲ್ಲಿ ನಮ್ಮ ಊರಿನದೇ ಏನೋ ಇದೆ ಓಡ್ನಕ್ಕಾ" ಎಂದ. ಇದೆಯಪ್ಪಾ ಎಂದೆ. ಇನ್ನು ಹತ್ತು ವರ್ಷ ಇದೇ ಬಟ್ಟೆ ಎಂದು ಮಂಡಳಿಯ ಪುಸ್ತಕದಲ್ಲಿ ತನ್ನ ಕೈಯಾರೆ ಬರೆದು ಸಹಿ ಹಾಕಿದ. ನಮ್ಮಲ್ಲಿ ಆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿಯಿಲ್ಲ. ಶಾಯಿ ಒಣಗಿತೆಂದು ಬೆರಳಿಟ್ಟು ನೋಡಿ, ಈಗ ಈ ಕಾಗದದ ಒಂದು ಪ್ರತಿಯನ್ನು ಚರ್ಚಿನ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ತಾವು ಎರಡನೆಯ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಇನ್ನೂ ಕಾಲು ಭಾಗ ದಾಟಿಲ್ಲವೆಂದು ವಿಲ್ದೆ ಬರೆದಿದ್ದಾಳೆ. ಅವಸರವೇನಿಲ್ಲ, ನಮ್ಮದು ಒಣಗಿದೆ. ಕಂಟ್ರಾಕ್ಟರು ಬಂದು ಕಕ್ಕಸಿನ ಬಾಗಿಲಿಗೆ ಹೊಸ ಹಿಡಿ ಹಾಕಿ ಹೋದ, ಮೊದಲಿನದಕ್ಕಿಂತ ಗಟ್ಟಿ, ನಾಲ್ಕು ಸ್ಕ್ರೂ. ಲೆಕ್ಕ ಇಟ್ಟುಕೊಂಡಿದ್ದೇನೆ.